ಹಾಗಂತ ಅವರೇ ಅಂದರು

“ಆ ಪಾಷಾ ಇರೋ ಕಡೆ ನನ್ನ ಸಹಿ ಇರಲ್ಲಮ್ಮ,” ಎಂದು ವೆಂಕಟರಮಣಪ್ಪನವರು ಪೆನ್ನಿಗೆ ಮುಚ್ಚಳ ಹಾಕಿದರು. ಕೃಷಿ ವಿಭಾಗದ ಮುಖ್ಯಸ್ಥರು ಅವರು. ರಾಗಿ ಪೈರಿಗೆ ಬರುವ ರೋಗವನ್ನು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕುವವರು. ಪಾಷಾ ಎಂದರೆ ಎದುರು ಕಟ್ಟಡದ ಸಿವಿಲ್ ವಿಭಾಗದ ಮುನಾವರ್ ಪಾಷಾ. ಕೆರೆಯಿಂದ ಕೆರೆಗೆ ಮಳೆನೀರು ಹರಿಯುವ ಲೆಕ್ಕ ಅವರದು.

ಗಣಿತದ ಮೇಡಂ ಶಾಮಲಾ ಕೂತಲ್ಲಿಂದ ಏಳಲಿಲ್ಲ. ಎಲ್ಲ ವಿಭಾಗಗಳ ಲೆಕ್ಕವನ್ನೂ ಕೂಡಿಸಿ ಮಾಡಬಲ್ಲ ಒಂದು ದೊಡ್ಡ ಕಂಪ್ಯೂಟರ್ ಯಂತ್ರ ವಿಶ್ವವಿದ್ಯಾಲಯಕ್ಕೆ ಬರಲಿ ಎಂದು ಅಲೆದು ಅಲೆದು ಅವಳ ಚಪ್ಪಲಿ ಸವೆದಿತ್ತು. ಕೃಷಿ, ಸಿವಿಲ್, ರೇಷ್ಮೆ, ಈ ಮೂರು ವಿಭಾಗದವರು ಸಂಜೆಯೊಳಗೆ ಒಂದೇ ಅರ್ಜಿಗೆ ಸಹಿ ಹಾಕದಿದ್ದರೆ ಯಂತ್ರ ಬೇರೆಯವರ ಪಾಲು ಎಂದು ಕುಲಪತಿಗಳು ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು.

ಶಾಮಲಾಳ ಅಜ್ಜ ಬೂದಿಗೆರೆ ಸುತ್ತಮುತ್ತ ಹೆಣ್ಣು-ಗಂಡು ಕೂಡಿಸಿದವರು. ಮುರಿದ ಮಾತುಕತೆಗೆ ಹೋದಾಗ ಮದುವೆಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಜಗಲಿ ಮೇಲೆ ಕೂತು, ಕೊಟ್ಟ ಕಾಫಿ ಕುಡಿದು, ಆ ಕಡೆಯವರು ಈ ಕಡೆಯವರನ್ನು ಹೊಗಳಿದ್ದನ್ನಷ್ಟೇ ಹೇಳಿ ಎದ್ದು ಬರುತ್ತಿದ್ದರು. ಹೊಗಳಿದ್ದರೋ ಇಲ್ಲವೋ, ಅದು ದೇವರಿಗೆ ಗೊತ್ತು. ದೇವರು ಯಾವತ್ತೂ ಬಾಯಿ ಬಿಡಲಿಲ್ಲ.

“ಬಿಡಿ ಸಾರ್,” ಎಂದಳು ಶಾಮಲಾ. “ಪಾಷಾ ಸಾರ್ ಪಾಪ, ನಿನ್ನೆ ಕ್ಯಾಂಟೀನಲ್ಲಿ ಅಂತಿದ್ರು. ನೀರು ಎಲ್ಲಿ ಹರಿಯುತ್ತೆ ಅಂತ ನಾನು ಹೇಳ್ಬಹುದು, ಹರಿದ ಮೇಲೆ ಹೊಲದ ಗತಿ ಏನು ಅಂತ ಹೇಳೋಕೆ ವೆಂಕಟರಮಣಪ್ಪನೋರೇ ಬೇಕು ಅಂತ.”

“ಅವನು ಅಂದ್ನಾ?”

“ಹಾಗಂತ ಅವರೇ ಅಂದ್ರು ಸಾರ್.”

“ಹೋದ ಸೆಮಿನಾರಲ್ಲಿ ನಂದು ಲೆಕ್ಕ ಅಲ್ಲ, ಕಾಗಕ್ಕ ಗುಬ್ಬಕ್ಕನ ಕಥೆ ಅಂದಿದ್ದ,” ಎಂದು ಗೊಣಗುತ್ತಲೇ ಮೇಷ್ಟ್ರು ಸಹಿ ಹಾಕಿದರು.

ಅರ್ಜಿ ಹಿಡಿದು ಎದುರು ಕಟ್ಟಡಕ್ಕೆ ಹೋದರೆ ಪಾಷಾ ಇನ್ನೂ ಬಿಸಿಯಾಗಿದ್ದರು. “ನನ್ನ ಕೆರೆಗಳಲ್ಲಿ ಎಮ್ಮೆ ಮೈ ತೊಳೆಯೋಕೂ ನೀರಿರಲ್ಲ ಅಂದೋರು ಅವರು. ಅವರ ಜೊತೆ ಒಂದೇ ಯಂತ್ರಾನಾ?”

“ಅಯ್ಯೋ, ಈಗ ತಾನೇ ಹೇಳ್ತಿದ್ರು ಸಾರ್. ಕೆರೆ ಕೋಡಿ ಬೀಳೋ ದಿನಾನ ಪಾಷಾ ಹೇಳಿದ್ರೆ ಪಂಚಾಂಗ ನೋಡೋದೇ ಬೇಡ ಅಂತ.”

ಪಾಷಾ ಕನ್ನಡಕ ತೆಗೆದು ಒರೆಸಿಕೊಂಡರು. ಸಹಿಯೂ ಬಿತ್ತು. ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. “ಬನ್ನಿ ಮೇಡಂ, ಅಷ್ಟು ದೊಡ್ಡ ಮಾತು ಅಂದಿದ್ದಾರೆ, ಹೋಗಿ ಕೈ ಮುಗಿದು ಬರೋಣ,” ಎಂದು ಎದ್ದೇಬಿಟ್ಟರು. ಹಿಂದೆ ನಡೆದ ಶಾಮಲಾ ದಾರಿಯುದ್ದಕ್ಕೂ ಮನೆದೇವರಿಗೆ ಹರಕೆ ಹೊತ್ತಳು.

“ಪಂಚಾಂಗದ ಮಾತು ಹೇಳಿದ್ರಂತೆ ಸಾರ್. ದೊಡ್ಡ ಮನಸ್ಸು ನಿಮ್ದು,” ಎಂದರು ಪಾಷಾ.

ವೆಂಕಟರಮಣಪ್ಪನವರು ಶಾಮಲಾಳ ಕಡೆ ನೋಡಿದರು. ಅವಳು ಗೋಡೆಯ ಮೇಲಿದ್ದ ತಿಮ್ಮಪ್ಪನ ಪಟವನ್ನು ಭಕ್ತಿಯಿಂದ ನೋಡುತ್ತಿದ್ದಳು. ಕೈ ಮುಗಿದು ನಿಂತವನಿಗೆ ಇಲ್ಲ ಅನ್ನುವುದು ಹೇಗೆ?

“ಹೂಂ... ಅಂದಿದ್ದೆ. ಇರೋದನ್ನ ಹೇಳೋಕೇನು? ನೀವೂ ಹೊಲದ ಮಾತು ಏನೋ ಅಂದ್ರಂತಲ್ಲ.”

ಈಗ ಪಾಷಾ ತಿರುಗಿ ಶಾಮಲಾಳನ್ನು ನೋಡಿದರು. “ಅಂದೆ, ಅಂದೆ. ಅಂದಿರ್ತೀನಿ.”

ಕಾಫಿ ಬಂತು. ಇನ್ನು ರೇಷ್ಮೆ ವಿಭಾಗದ ವಾಣಿಶ್ರೀ ಒಬ್ಬರೇ ಬಾಕಿ. ಯಾರ ಮಾತಿಗೂ ಜಗ್ಗದ ಹೆಂಗಸು. ಶಾಮಲಾ ಸೆರಗು ಸರಿಮಾಡಿಕೊಂಡು ಎದ್ದಳು.

“ನೀನು ಕೂತ್ಕೋ ತಾಯಿ,” ಎಂದು ವೆಂಕಟರಮಣಪ್ಪನವರು ತಾವೇ ಫೋನೆತ್ತಿದರು. “ವಾಣಿಶ್ರೀಯವರೇ, ನಮಸ್ಕಾರ. ಇಲ್ಲಿ ಪಾಷಾ ಸಾಹೇಬ್ರು ಕೂತಿದ್ದಾರೆ. ನಿಮ್ಮ ರೇಷ್ಮೆಹುಳದ ಲೆಕ್ಕ ನೋಡಿ ಏನಂದ್ರು ಗೊತ್ತಾ...”

ಪಾಷಾ ಬಾಯಿಯ ಹತ್ತಿರಕ್ಕೆ ಬಂದ ಲೋಟವನ್ನು ಅಲ್ಲೇ ಹಿಡಿದು, ತಾವು ಏನಂದಿದ್ದೆವು ಎಂದು ತಿಳಿಯಲು ಮುಂದಕ್ಕೆ ಬಾಗಿದರು.