ಬಾಗಿದ ನಾಲ್ಕು ಪಿನ್ನು

ಕಂಪ್ಯೂಟರಿನ ಪ್ರೊಸೆಸರ್ ಶೈಲಾಳ ಬೆರಳ ತುದಿಯಿಂದ ಜಾರಿ ಕಡಪಾ ಕಲ್ಲಿನ ನೆಲಕ್ಕೆ ಬಿತ್ತು. ಸಪ್ಪಳವೇನೂ ದೊಡ್ಡದಲ್ಲ, ಅಂಗಿಯ ಗುಂಡಿ ಬಿದ್ದಷ್ಟು. ಆದರೂ ಹೊರಗಿನ ಕೋಣೆಯಲ್ಲಿ ಪೇಪರ್ ಓದುತ್ತಿದ್ದ ಅಣ್ಣ ಕುಬೇರಪ್ಪನಿಗೆ ಕೇಳಿಸಿತು.

“ಏನ್ ಬಿತ್ತ ಶೈಲಾ?”

“ಏನಿಲ್ಲಣ್ಣಾ, ಸ್ಕ್ರೂ.”

ಎತ್ತಿ ತಿರುವಿ ನೋಡಿದಳು. ಬೆಂಕಿಪೆಟ್ಟಿಗೆಗಿಂತ ಸಣ್ಣ ಆ ಚೌಕದ ಕೆಳಬದಿಯಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ಪಿನ್ನುಗಳು, ದಾರದಷ್ಟು ಸಪೂರ, ಬಂಗಾರದ ಬಣ್ಣ. ಒಂದು ಮೂಲೆಯಲ್ಲಿ ನಾಲ್ಕು ಬಾಗಿದ್ದವು. ಅವುಗಳಲ್ಲಿ ಒಂದಂತೂ ಪೂರ್ತಿ ಮಲಗಿಬಿಟ್ಟಿತ್ತು. ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತ, ತಾನೇ ಕಂಪ್ಯೂಟರ್ ಜೋಡಿಸಬೇಕೆಂದು ಹದಿನಾಲ್ಕು ತಿಂಗಳಿಂದ ಒಂದೊಂದೇ ಭಾಗ ತರಿಸಿದ್ದಳು. ಮದರ್‌ಬೋರ್ಡ್ ಬಂದಾಗ ಎರಡು ದಿನ ಪೆಟ್ಟಿಗೆಯನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದಳು. ಕೊನೆಗೆ ಬಂದದ್ದು ಇದು. “ಜೋಡಿಸಿದ್ದ ಕಂಪ್ಯೂಟರ್ ತಗೊಂಡ್ರ ಮುಗೀತಿತ್ತು. ಇದೆಲ್ಲಾ ನಿನ್ನ ಕೈಲೆ ಆಗೂದಲ್ಲ” ಎಂದು ಕುಬೇರಪ್ಪ ಹೇಳದ ವಾರವಿರಲಿಲ್ಲ.

ಅಂಗಳಕ್ಕೆ ಹೋಗಿ, ದನಿ ತಗ್ಗಿಸಿ, ಅದನ್ನು ಕಳಿಸಿದ್ದ ಹುಬ್ಬಳ್ಳಿಯ ಅಂಗಡಿಗೆ ಫೋನ್ ಮಾಡಿದಳು. ಪಿನ್ ಬಾಗಿದರೆ ವಾರಂಟಿ ಇಲ್ಲ ಎಂದರು. ಪ್ರೊಸೆಸರನ್ನು ಡಬ್ಬಿಗೆ ಹಾಕಿ, ಸ್ಕೂಟಿಯಲ್ಲಿ ಗದಗಿನ ಕಂಪ್ಯೂಟರ್ ರಿಪೇರಿಯವನ ಬಳಿಗೆ ಧಾವಿಸಿದಳು. ಅವನು ಮುಟ್ಟಲೂ ಒಪ್ಪಲಿಲ್ಲ. “ಮುರದ್ರ ನನ್ನ ಮ್ಯಾಲ ಬರ್ತೈತ್ರಿ ಅಕ್ಕಾರ. ಟಾಂಗಾಕೂಟ ಸರ್ಕಲ್ದಾಗ ವಾಚ್ ರಿಪೇರಿ ಮರ್ದಾನಸಾಬ್ರು ಅದಾರ, ಅವರನ್ನ ಕೇಳ್ರಿ” ಎಂದ.

ತನ್ನ ಪುಟ್ಟ ಅಂಗಡಿಯಲ್ಲಿ ಮರ್ದಾನಸಾಬ ಭೂತಗನ್ನಡಿಯನ್ನು ಕಣ್ಣಿಗೆ ಹಚ್ಚಿಕೊಂಡು ಬಹಳ ಹೊತ್ತು ನೋಡಿದ.

“ನೆಟ್ಟಗ ಆಗ್ತಾವೇನ್ರಿ ಚಾಚಾ?”

“ಆಗ್ತಾವ. ಆದ್ರ ನನ್ನ ಕೈಲೆ ಅಲ್ಲ.” ಬಲಗೈಯನ್ನು ಮೇಜಿನ ಮೇಲೆ ಚಾಚಿದ. ಬೆರಳುಗಳು ತಮ್ಮಷ್ಟಕ್ಕೆ ನಡುಗುತ್ತಿದ್ದವು. “ಎರಡ ವರ್ಷ ಆತು. ಈಗ ಬರೀ ಸೆಲ್ ಹಾಕೂದು, ಪಟ್ಟಾ ಬದಲ್ ಮಾಡೂದು. ಕಣ್ಣ ಇನ್ನೂ ಗಟ್ಟಿ ಅದಾವ. ನೀ ಮಾಡು, ನಾ ಹೇಳ್ತೀನಿ.”

“ನಾನಾ? ಮುರದ್ರ?”

“ಹೆದರಿದ್ರ ಮುರೀತೈತಿ. ಕುಂಡ್ರು ತಂಗಿ.”

ಫ್ಯಾನ್ ಆರಿಸಿ, ಇನ್ನೊಂದು ಭೂತಗನ್ನಡಿ, ಸಣ್ಣ ಚಿಮಟಾ ಕೊಟ್ಟ. ಮೇಜು ಅಲುಗಬಾರದೆಂದು ತನ್ನ ಎರಡೂ ಕೈಗಳನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದುಕೊಂಡ. ಶೈಲಾಳ ಕಣ್ಣಿಗೆ ಗಾಜಿನೊಳಗೆ ಪಿನ್ನುಗಳು ಜೋಳದ ದಂಟಿನ ಸಾಲಿನಂತೆ ಕಂಡವು. “ಒಮ್ಮೆಲೇ ಎತ್ತಬ್ಯಾಡ. ಹೆಂಗ ಬಾಗೇತೋ ಅದ ದಾರೀಲೇ ವಾಪಸ್ ಬರ್ಬೇಕು. ಒಂಚೂರು ತಳ್ಳು, ಬಿಡು. ಉಸರ ಬಿಡು. ಮತ್ತೊಂಚೂರು.” ಮೊದಲನೆಯದು ಎದ್ದಿತು, ಎರಡನೆಯದು, ಮೂರನೆಯದೂ ಎದ್ದಿತು. ಬೆವರು ಹುಬ್ಬಿಗಿಳಿದು ಗಾಜು ಮಸುಕಾಯಿತು. ಮಲಗಿದ್ದ ನಾಲ್ಕನೆಯದಕ್ಕೆ ಚಿಮಟಾ ತಾಗಿಸಿದಾಗ ಹೊರಗೆ ಬಸ್ಸೊಂದು ಹಾರ್ನ್ ಹೊಡೆಯಿತು. ಅವಳ ಕೈ ಕಲ್ಲಿನಂತೆ ನಿಂತಿತು.

“ಈಗೇನ್ ಮಾಡ್ಲಿರಿ?”

“ಅದನ್ನ ಬಾಗಿಸಿದ್ದು ಒಂದ ಸಲ. ಎತ್ತಾಕೂ ಒಂದ ಸಲ ಅಷ್ಟ ಸಿಗ್ತೈತಿ. ಹೆಚ್ಚು ಎತ್ತಿ ಮತ್ತ ತಗ್ಗಿಸಾಕ ಹೋದ್ರ ಮುರದು ಕೈಗೆ ಬರ್ತೈತಿ. ಸಾಲಿಗೆ ಬಂತಂದ್ರ ಬಿಟ್ಟಬಿಡು.”

ಎಷ್ಟು ಹೊತ್ತಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಪಿನ್ನು ಸಾಲಿಗೆ ಬಂದು ನಿಂತಿತು. ಶೈಲಾ ಚಿಮಟಾ ಕೆಳಗಿಟ್ಟು ಹುಬ್ಬಿನ ಬೆವರು ಒರೆಸಿಕೊಂಡಳು.

“ಎಷ್ಟ ಕೊಡ್ಲಿರಿ ಚಾಚಾ?”

“ನಡೀತೈತೋ ಇಲ್ಲೋ ಇನ್ನೂ ಗೊತ್ತಿಲ್ಲಲ್ಲ. ನಡೆಯೂದು ನೋಡದ ನಾ ಯಾವ ಮಾಲೂ ಅಂಗಡಿ ಬಿಟ್ಟು ಕಳಿಸಿಲ್ಲ.” ಮರ್ದಾನಸಾಬ ಟೋಪಿ ಸರಿ ಮಾಡಿಕೊಂಡು ಶಟರ್ ಎಳೆದ, ಅವಳ ಸ್ಕೂಟಿಯ ಹಿಂದೆ ಕುಳಿತು ಬೆಟಗೇರಿಯ ಮನೆಗೇ ಬಂದ.

ಬಾಗಿಲಲ್ಲಿ ಕುಬೇರಪ್ಪ ನಿಂತಿದ್ದ. ಸಾಬರನ್ನೂ ತಂಗಿಯ ಮುಖವನ್ನೂ ನೋಡಿ ಅವನಿಗೆ ಅರ್ಧ ತಿಳಿಯಿತು. “ಸ್ಕ್ರೂ ಬಿತ್ತಂದಿ?” ಎಂದ. ಅವಳು ನೆಟ್ಟಗೆ ಒಳಗೆ ಹೋಗಿ ಪ್ರೊಸೆಸರನ್ನು ಮದರ್‌ಬೋರ್ಡಿನ ಮೇಲಿಟ್ಟಳು. ಒತ್ತಬಾರದು, ಪ್ರೊಸೆಸರ್ ತನ್ನ ಭಾರಕ್ಕೇ ಇಳಿದು ಕೂಡಬೇಕು. ಮೊದಲ ಸಲ ಕೂಡಲಿಲ್ಲ. ತೆಗೆದು, ಸಾಲು ನೋಡಿ, ಒಂದು ಪಿನ್ನನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಇಟ್ಟಳು. ಇಳಿಯಿತು. ಉಳಿದದ್ದನ್ನೆಲ್ಲ ಜೋಡಿಸಿ, ಕಣ್ಣು ಮುಚ್ಚಿ ಗುಂಡಿ ಒತ್ತಿದಳು.

ಕಂಪ್ಯೂಟರಿನ ಫ್ಯಾನ್ ತಿರುಗಿತು. ಪರದೆ ಕಪ್ಪಗೇ ಇತ್ತು. ಇಪ್ಪತ್ತು ಎಣಿಸುವಷ್ಟರಲ್ಲಿ ಫ್ಯಾನೂ ನಿಂತಿತು. ಕುಬೇರಪ್ಪ ಬಾಗಿಲು ಬಿಟ್ಟು ತಂಗಿಯ ಹಿಂದೆ ಬಂದು ನಿಂತ. ಫ್ಯಾನ್ ತಾನಾಗಿಯೇ ಮತ್ತೆ ತಿರುಗಿತು. ನಿಮಿಷ ಕಳೆಯಿತು. ಇನ್ನೊಂದೂ ಕಳೆಯಿತೇನೋ. ಪರದೆಯ ಮೇಲೆ ಬೆಳಕು ಮೂಡಿ, ಅಕ್ಷರಗಳು ಬಂದವು. ಅವುಗಳ ನಡುವೆ ಪ್ರೊಸೆಸರಿನ ಹೆಸರೂ ಇತ್ತು. ಶೈಲಾ ನೆಲದ ಮೇಲೆ ಕುಸಿದು ಕುಳಿತು ಸೆರಗಿನಿಂದ ಮುಖ ಮುಚ್ಚಿಕೊಂಡಳು.

“ಖರೇನ ಜೋಡಿಸಿದ್ಯಲ್ಲ!” ಎಂದ ಕುಬೇರಪ್ಪ, ಸಣ್ಣ ದನಿಯಲ್ಲಿ.

ಮರ್ದಾನಸಾಬ ಮಾತ್ರ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಮೇಲಿನ ಮೂಲೆಯನ್ನು ನೋಡುತ್ತಿದ್ದ.

“ತಂಗಿ, ಇದರ ಟೈಮ್ ತಪ್ಪೈತಿ. ತಾರೀಖೂ ಹಳೇದು.”

“ಹೊಸಾ ಬೋರ್ಡ್ ರೀ ಚಾಚಾ. ನಾವ ಹಚ್ಚಬೇಕು.”

ಅವನು ಕೈಗಡಿಯಾರ ಬಿಚ್ಚಿ ಕಿವಿಗೊಮ್ಮೆ ಹಿಡಿದು, ಪರದೆಯ ಪಕ್ಕಕ್ಕೆ ತಂದ. ಶೈಲಾ ಎದ್ದು ಬಂದು ಕೀಲಿಮಣೆಯ ಮೇಲೆ ಬೆರಳಿಟ್ಟಳು.

“ನಾಕು ಹದಿನೇಳು ಹಾಕು,” ಎಂದ. “ಈಗ ಒತ್ತಬ್ಯಾಡ, ತಡಿ... ಸೆಕೆಂಡಿನ ಮುಳ್ಳು ಹನ್ನೆರಡಕ್ಕ ಬರ್ಲಿ.”