ಮೈಕಮ್ಮನ ಹೊಸ ದನಿ

ಗಾಜಿನ ಕೌಂಟರಿನ ಮೇಲೆ ಮೂರು ಪುಟ್ಟ ಟ್ಯಾಬ್ಲೆಟ್‌ಗಳನ್ನು ಸಾಲಾಗಿಟ್ಟ ಅಂಗಡಿಯ ಹುಡುಗಿ, "ಏನು ಬೇಕಾದ್ರೂ ಟೈಪ್ ಮಾಡಿ ಆಂಟಿ, ಅದೇ ಓದಿ ಹೇಳುತ್ತೆ" ಎಂದಳು. ಮೈಕಮ್ಮ ಗಂಡನ ಮುಖ ನೋಡಿದಳು. ಗಂಡ ಬೆಲೆಯ ಚೀಟಿ ನೋಡುತ್ತಿದ್ದ.

ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿದೆ ಎಂದು ಬಸ್ ನಿಲ್ದಾಣದ ಮೈಕಿನಲ್ಲಿ ಕೂಗಿ ಹೇಳುತ್ತಲೇ ಅರ್ಧ ಆಯಸ್ಸು ಕಳೆದವಳಿಗೆ ಡ್ರೈವರುಗಳು ಇಟ್ಟ ಹೆಸರು ಮೈಕಮ್ಮ. ಮೈಕು ಕೆಟ್ಟ ದಿನವೂ ಅವಳ ಕೆಲಸ ನಿಲ್ಲುತ್ತಿರಲಿಲ್ಲ, ಅಂಥ ಗಂಟಲು. ಕಳೆದ ವರ್ಷ ಆ ಗಂಟಲಲ್ಲೇ ಗಡ್ಡೆ ಎದ್ದು, ಆಪರೇಷನ್ ಆಗಿ, ಜೀವ ಉಳಿಯಿತು, ದನಿ ಹೋಯಿತು. ಅಂದಿನಿಂದ ಕೈಗೊಂದು ಸ್ಲೇಟು ಬಂತು. ಅವಳು ಬರೆಯುವುದು, ಗಂಡ ಓದಿ ಹೇಳುವುದು.

ಗಂಡನೇನೂ ಕೆಟ್ಟವನಲ್ಲ. ಊಟಕ್ಕಾಗಲಿ ಔಷಧಿಗಾಗಲಿ ಕಡಿಮೆ ಮಾಡಿದವನಲ್ಲ. ಆದರೆ ಓದಿ ಹೇಳುವಾಗ ಮಾತ್ರ ಅವನ ನಾಲಿಗೆ ತನಗೆ ಬೇಕಾದ ದಾರಿ ಹಿಡಿಯುತ್ತಿತ್ತು. ಅವಳ ತಂಗಿಯನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ತಂಗಿ ಫೋನ್ ಮಾಡಿದಾಗ ಮೈಕಮ್ಮ 'ಬಾ, ನಾಲ್ಕು ದಿನ ಇದ್ದು ಹೋಗು' ಎಂದು ಬರೆದು ಹಿಡಿದರೆ, ಅವನು ಫೋನಿಗೆ, "ಆರಾಮಾಗಿದ್ದಾಳಂತೆ, ಸುಮ್ನೆ ಬರೋ ತೊಂದ್ರೆ ತಗೋಬೇಡ ಅಂತಿದ್ದಾಳೆ" ಎಂದಿದ್ದ. ಅವಳು ಸ್ಲೇಟನ್ನು ಅವನ ಮೂಗಿಗೆ ತಾಗುವ ಹಾಗೆ ಹಿಡಿದಿದ್ದಳು. ಹಿಡಿದರೇನು, ಸ್ಲೇಟು ಫೋನಿನೊಳಗೆ ಹೋಗುತ್ತದೆಯೇ? ಮೆಸೇಜು ಕಳಿಸೋಣವೆಂದರೆ ತಂಗಿಗೆ ಓದಲು ಬಾರದು. ಹಾಗಾಗಿಯೇ ಟ್ಯಾಬ್ಲೆಟ್ ಬೇಕೇ ಬೇಕು ಎಂದು ಅವಳು ಹಟ ಹಿಡಿದದ್ದು. ಅದರಲ್ಲಿ ಮೊದಲು ಯಾರಿಗೆ ಏನು ಹೇಳಬೇಕೆಂಬುದೂ ಅವಳಲ್ಲಿ ಸಿದ್ಧವಾಗಿತ್ತು.

ಮೊದಲನೆಯದರಲ್ಲಿ 'ನೀರು ಬೇಕು' ಎಂದು ಟೈಪ್ ಮಾಡಿದಳು. ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ ಕೇಳಿಸಿತು. "ಇದು ಪರವಾಗಿಲ್ಲ, ಬೆಲೆನೂ ಕಡಿಮೆ" ಎಂದ ಗಂಡ. ಅವಳು ಅದನ್ನು ಅತ್ತ ತಳ್ಳಿದಳು. ಎರಡನೆಯದು ಹಗುರವಾಗಿತ್ತು, ಎರಡೂ ಬದಿಗೆ ಸ್ಪೀಕರು. ಏನು ಟೈಪ್ ಮಾಡಬೇಕೆಂದು ತೋಚದೆ ಬೆರಳು ಹಳೆಯ ಚಾಳಿಗೆ ಬಿತ್ತು.

"ಪ್ರಯಾಣಿಕರ ಗಮನಕ್ಕೆ!" ಎಂದಿತು ಟ್ಯಾಬ್ಲೆಟ್.

ಆಚೆ ವಾಷಿಂಗ್ ಮೆಷೀನು ನೋಡುತ್ತಿದ್ದವರೂ ತಿರುಗಿದರು. ಹುಡುಗಿ ಕೈತಟ್ಟಿ ನಕ್ಕಳು. ಮೈಕಮ್ಮನಿಗೆ ಮೈಯೆಲ್ಲ ಜುಮ್ಮೆಂದಿತು. ಜನ ಅವಳ ಮಾತಿಗೆ ತಿರುಗಿ ನೋಡಿ ವರ್ಷವಾಗಿತ್ತು.

"ಮೆಲ್ಲಗೆ, ಮೆಲ್ಲಗೆ! ಎಲ್ರೂ ನೋಡ್ತಿದ್ದಾರೆ." ಗಂಡ ಸುತ್ತಲಿನವರಿಗೆ ಪೆಚ್ಚು ನಗೆ ಹಂಚಿದ. ಮದುವೆಯಾದಾಗಿನಿಂದ ಅವನು ಅವಳಿಗೆ ಅತಿ ಹೆಚ್ಚು ಸಲ ಹೇಳಿದ ಮಾತು ಅದೇ. ಆಮೇಲೆ ಹುಡುಗಿಯ ಕಡೆ ಬಾಗಿ ಕೇಳಿದ: "ಇದಕ್ಕೆ ಹೆಡ್‌ಫೋನ್ ಚುಚ್ಚೋ ತೂತು ಇದ್ಯೇನಮ್ಮ?"

"ಇದಕ್ಕಿಲ್ಲ ಸರ್, ಮೂರನೇದಕ್ಕಿದೆ. ಆದ್ರೆ ವೈರ್ ಚುಚ್ಚಿದ್ರೆ ಹೊರಗೆ ಸದ್ದು ಬರಲ್ಲ. ಕಿವಿಗೆ ಹಾಕ್ಕೊಂಡವರಿಗೆ ಮಾತ್ರ ಕೇಳ್ಸುತ್ತೆ."

"ಅಷ್ಟಾದ್ರೆ ಸಾಕು. ಮನೇಲಿ ಟೀವಿ ಗಲಾಟೆ ಇರುತ್ತಲ್ಲ."

ಉಳಿದದ್ದನ್ನು ಮೈಕಮ್ಮ ತಾನೇ ತುಂಬಿಕೊಂಡಳು. ಟೀವಿಯ ಗಲಾಟೆಯಲ್ಲಿ ತನ್ನ ಮಾತು ಕೇಳಿಸದೆ ಹೋದೀತೆಂದು ಇವನು ಕಿವಿಗೆ ವೈರು ಸಿಕ್ಕಿಸಿಕೊಂಡು ಕೂರುತ್ತಾನೆ! ಈ ವಯಸ್ಸಿನಲ್ಲಿ, ಆ ಬೋಳುತಲೆಗೆ! ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು. ಇಷ್ಟು ದಿನ ಇವನನ್ನು ಮನಸ್ಸಿನಲ್ಲೇ ಬೈದುಕೊಂಡೆನಲ್ಲ ಎಂದು ಒಳಗೊಳಗೇ ನಾಚಿಕೆಯಾಯಿತು. ಮೂರನೆಯದರ ದನಿ ಎರಡನೆಯದರಷ್ಟು ಗಟ್ಟಿ ಇರಲಿಲ್ಲ. ಆದರೂ ಸ್ಲೇಟು ತೆಗೆದು, 'ಇದೇ ಇರಲಿ' ಎಂದು ಬರೆದು ತೋರಿಸಿದಳು.

"ಆಂಟಿ, ಎರಡನೇದು ನಿಮಗೆ ಎಷ್ಟು ಚೆನ್ನಾಗಿತ್ತು" ಎಂದಳು ಹುಡುಗಿ.

"ಅವಳೇ ಬರೆದಿದ್ದಾಳಲ್ಲಮ್ಮ, ಓದಿಲ್ವಾ?" ಎಂದ ಗಂಡ. ಅವಳು ಬರೆದದ್ದನ್ನು ಅವನು ಇದ್ದದ್ದು ಇದ್ದ ಹಾಗೆ ಒಪ್ಪಿಕೊಂಡದ್ದು ಅದೊಂದೇ ಸಲ.

ಸಂಜೆ ಮನೆಯಲ್ಲಿ ಅವನೇ ಡಬ್ಬ ಬಿಚ್ಚಿ, ಟ್ಯಾಬ್ಲೆಟ್ಟನ್ನು ಊಟದ ಮೇಜಿನ ಮೇಲಿಟ್ಟು, ವೈರು ಚುಚ್ಚಿದ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ತಂಗಿಯೇ! ಮೈಕಮ್ಮ ಕುರ್ಚಿ ಎಳೆದು ಕೂತು, ಟೈಪ್ ಮಾಡಿದಳು: 'ನಾನೇ ಕಣೇ ಮಾತಾಡ್ತಿರೋದು. ಬಾ. ನಾಲ್ಕು ದಿನ ಇದ್ದು ಹೋಗು. ಬಾ.' ಒತ್ತಿದಳು. ಸದ್ದಿಲ್ಲ. ತಲೆಯೆತ್ತಿ ಗಂಡನ ಕಿವಿ ನೋಡಿದಳು. ಒಂದು ಕಿವಿಗೆ ಫೋನಿತ್ತು, ಇನ್ನೊಂದು ಖಾಲಿ ಇತ್ತು.

"ಹೂಂ, ಇವತ್ತೇ ತಗೊಂಡ್ವಿ, ತುಂಬಾ ಚೆನ್ನಾಗಿದೆ" ಎನ್ನುತ್ತಿದ್ದ ಅವನು. "ಆರಾಮಾಗಿದ್ದಾಳಂತೆ. ಸುಮ್ನೆ ಬರೋ ತೊಂದ್ರೆ ತಗೋಬೇಡ ಅಂತಿದ್ದಾಳೆ."

ಅವಳ ಕೈ ವೈರಿನ ಬುಡಕ್ಕೆ ಹೋಯಿತು. ಅಲ್ಲಿ ಆಗಲೇ ಅವನ ಹೆಬ್ಬೆರಳು ಗಟ್ಟಿಯಾಗಿ ಕೂತಿತ್ತು. ಅವಳು ಮತ್ತೆ ಒತ್ತಿದಳು, ಮತ್ತೆ ಮತ್ತೆ ಒತ್ತಿದಳು. ವೈರಿನ ಇನ್ನೊಂದು ತುದಿ ಮೇಜಿನ ಅಂಚಿನಿಂದ ಕೆಳಗೆ ಇಳಿಬಿದ್ದು ತೂಗಾಡುತ್ತಿತ್ತು. ಅದರ ಎರಡು ಪುಟ್ಟ ಗುಂಡುಗಳಿಂದ, ಸೊಳ್ಳೆಯಷ್ಟು ಸಣ್ಣ ದನಿಯೊಂದು ನೆಲಕ್ಕೆ "ಬಾ, ಬಾ" ಎನ್ನುತ್ತಿತ್ತು.