ಇನ್ನೂರರ ಹಲಗೆ

ಶನಿವಾರದ ಅಭ್ಯಾಸ ಮುಗಿದು, ಮೆಕ್ಯಾನಿಕ್ ಸಮಯದ ಹಾಳೆಯನ್ನು ಶೆಡ್ಡಿನ ಕಂಬಕ್ಕೆ ಅಂಟಿಸಿದಾಗ ಅಕ್ಕ ಮೊದಲು ಹುಡುಕಿದ್ದು ತನ್ನ ಹೆಸರನ್ನು. ಒಂದು ಸುತ್ತಿಗೆ ಎರಡು ನಿಮಿಷ ಐದು ಸೆಕೆಂಡು! ಹವ್ಯಾಸಕ್ಕೆಂದು ಬೈಕ್ ರೇಸಿಗೆ ಇಳಿದ ಈ ನಾಲ್ಕು ವರ್ಷದಲ್ಲಿ ಅವಳು ಇಷ್ಟು ಜೋರಾಗಿ ಎಂದೂ ಓಡಿಸಿರಲಿಲ್ಲ. ಅದೇ ಖುಷಿಯಲ್ಲಿ ಒಂದು ಸಾಲು ಮೇಲಕ್ಕೆ ಕಣ್ಣು ಹಾಯಿಸಿದಳು. ಅಲ್ಲಿ ತಂಗಿಯ ಹೆಸರಿತ್ತು. ಎರಡು ನಿಮಿಷ ಮೂರು.

ತಂಗಿ ಟ್ರ್ಯಾಕಿಗೆ ಬಂದದ್ದೇ ಅವತ್ತು ಮೊದಲು. ಬಾಡಿಗೆ ಬೈಕು, ಸೊಂಟದ ಹತ್ತಿರ ಚೀಲದಂತೆ ಜೋತಾಡುವ ಬಾಡಿಗೆ ಉಡುಪು. ಕೊರಿಯರ್ ಕಂಪನಿಯಲ್ಲಿ ಮನೆಮನೆಗೆ ಪಾರ್ಸೆಲ್ ಮುಟ್ಟಿಸುವವಳು. ಸಿಗ್ನಲ್ಲೇ ಇಲ್ಲದ ರಸ್ತೆಯಲ್ಲಿ ಒಂದು ದಿನವಾದರೂ ಓಡಿಸಬೇಕು ಎಂದು ದುಂಬಾಲು ಬಿದ್ದು ಜೊತೆಗೆ ಬಂದಿದ್ದಳು.

"ಏನ್ ಮೇಡಂ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಇವಳನ್ನ? ನಾಳೆ ರೇಸಲ್ಲಿ ನಿಮಗೇ ಕಷ್ಟ!" ಎಂದ ಮೆಕ್ಯಾನಿಕ್.

ಅಕ್ಕ ಹಲ್ಲು ಬಿಟ್ಟು ನಕ್ಕಳು. ಚಿಕ್ಕಂದಿನಲ್ಲಿ ಹಾಡಿನ ಕ್ಲಾಸಿಗೆ ಸೇರಿದವಳು ಅಕ್ಕ, ಬಹುಮಾನ ತಂದವಳು ಅವಳ ಜೊತೆಗೆ ಸುಮ್ಮನೆ ಹೋಗುತ್ತಿದ್ದ ತಂಗಿ. ಈ ಟ್ರ್ಯಾಕೊಂದು ಮಾತ್ರ ಅಕ್ಕನೊಬ್ಬಳದೇ ಆಗಿತ್ತು. ತಿಂಗಳೆಲ್ಲ ಲ್ಯಾಬಿನಲ್ಲಿ ಕೂತು ಯಾರಯಾರದೋ ರಕ್ತದ ಶೀಶೆಗಳಿಗೆ ಚೀಟಿ ಅಂಟಿಸುತ್ತ ಅವಳು ಕಾಯುತ್ತಿದ್ದದ್ದು ಈ ಎರಡು ದಿನಕ್ಕೆ. ಇಲ್ಲಿಗೂ ಇವಳು ಕಾಲಿಟ್ಟಳಲ್ಲ ಎಂದು ಹೊಟ್ಟೆಯೊಳಗೆ ಕಿಚ್ಚೆದ್ದಿತು. ಅಷ್ಟರಲ್ಲಿ ಅಮ್ಮನ ಫೋನು. "ಅವಳು ನಿನಗಿಂತ ಜೋರಂತಲ್ಲೇ! ಸ್ವಲ್ಪ ನೋಡ್ಕೋ, ಬಿದ್ದುಗಿದ್ದಾಳು." ನಾಲ್ಕು ವರ್ಷದಲ್ಲಿ ದೊಡ್ಡವಳೂ ಬೀಳಬಹುದೆಂದು ಅಮ್ಮನಿಗೆ ಒಂದು ದಿನವೂ ಹೊಳೆದಿರಲಿಲ್ಲ.

ಸಂಜೆ ಲಾಡ್ಜಿನ ಕೋಣೆಯಲ್ಲಿ ಅಕ್ಕ ಹೆಲ್ಮೆಟ್ಟಿನ ಗಾಜಿಗೆ ಅಂಟಿದ್ದ ಹುಳುಗಳನ್ನು ಒರೆಸುತ್ತಿದ್ದಳು. ತಂಗಿ ಪಕ್ಕದಲ್ಲಿ ಬಂದು ಕೂತಳು.

"ಅಕ್ಕಾ, ಆ ಉದ್ದ ರಸ್ತೆ ಮುಗಿದು ಎಡಕ್ಕೆ ತಿರುಗ್ತೀವಲ್ಲ, ಅಲ್ಲಿ ಬ್ರೇಕ್ ಎಲ್ಲಿ ಹಿಡೀಬೇಕು?"

ಆ ತಿರುವಿಗೆ ಮುಂಚೆ ರಸ್ತೆಯಂಚಿನಲ್ಲಿ ಮೂರು ಹಲಗೆಗಳಿವೆ. ತಿರುವು ಇನ್ನೂರು ಮೀಟರ್ ದೂರ, ನೂರೈವತ್ತು, ನೂರು ಎಂದು ಬರೆದಿರುತ್ತದೆ. ಓಡಿಸಲು ಬಲ್ಲವರೆಲ್ಲ ಬ್ರೇಕ್ ಹಿಡಿಯುವುದು ನೂರರ ಹಲಗೆಯ ಹತ್ತಿರ. ಅಕ್ಕನೂ ಅಷ್ಟೇ.

"ಇನ್ನೂರರ ಹತ್ರ," ಎಂದಳು ಅಕ್ಕ, ಒರೆಸುವ ಕೈ ನಿಲ್ಲಿಸದೆ.

"ಅಷ್ಟು ಮುಂಚೆನಾ?"

"ಇವತ್ತು ಖಾಲಿ ಇತ್ತು. ನಾಳೆ ಹಿಂದೆ ಮುಂದೆ ಜನ ಇರ್ತಾರೆ. ಹೇಳಿದಷ್ಟು ಕೇಳು."

ತಂಗಿ ಅವಳ ಮುಖವನ್ನೇ ಒಂದು ಗಳಿಗೆ ನೋಡಿ, "ಆಯ್ತು," ಎಂದಳು.

ಭಾನುವಾರದ ರೇಸು ಆರು ಸುತ್ತಿನದು. ಐದು ಸುತ್ತೂ ನಡೆದದ್ದು ಒಂದೇ ಕಥೆ. ಬೇರೆಲ್ಲ ಕಡೆ ತಂಗಿ ಅಕ್ಕನನ್ನು ಬೆನ್ನಟ್ಟಿ ಹಿಡಿಯುತ್ತಿದ್ದಳು, ಆ ಒಂದು ತಿರುವಿನಲ್ಲಿ ಹಿಂದೆ ಬೀಳುತ್ತಿದ್ದಳು. ಕೊನೆಯ ಸುತ್ತಿನಲ್ಲಂತೂ ತಂಗಿಯ ಮುಂದಿನ ಚಕ್ರ ಅಕ್ಕನ ಮೊಣಕಾಲಿನ ಪಕ್ಕಕ್ಕೇ ಬಂದಿತ್ತು. ಇನ್ನೂರರ ಹಲಗೆ ಬಂತು. ಪಕ್ಕದ ಚಕ್ರ ಮಾಯವಾಯಿತು. ಅಕ್ಕ ಮೂರನೆಯವಳಾಗಿ ಗೆರೆ ದಾಟಿದಳು. ತಂಗಿ ನಾಲ್ಕನೆಯವಳು.

ಕೈಯಲ್ಲಿ ಜೀವನದ ಮೊದಲ ಬಹುಮಾನದ ಕಪ್ಪು ಹಿಡಿದು ಅಕ್ಕ ಶೆಡ್ಡಿಗೆ ಬಂದರೆ, ಮೆಕ್ಯಾನಿಕ್ ತಂಗಿಯ ಮೇಲೆ ಹರಿಹಾಯುತ್ತಿದ್ದ. "ತಲೆ ಕೆಟ್ಟಿದೆಯಾ ನಿಂಗೆ? ನಡುರಸ್ತೇಲಿ ಅಷ್ಟು ಮುಂಚೆ ಬ್ರೇಕ್ ಹಿಡಿದ್ರೆ ಹಿಂದಿನವನು ಎಲ್ಲಿಗೆ ಹೋಗ್ಬೇಕು? ಕೂದಲೆಳೆಯಲ್ಲಿ ತಪ್ಪಿತು! ಯಾರು ಹೇಳಿದ್ದು ನಿಂಗೆ ಹಾಗೆ?"

ಅಕ್ಕ ಅಲ್ಲೇ ನಿಂತುಬಿಟ್ಟಳು. ಹಿಂದಿನಿಂದ ಯಾರಾದರೂ ಬಂದು ಗುದ್ದಬಹುದೆಂದು ಅವಳು ಯೋಚಿಸಿಯೇ ಇರಲಿಲ್ಲ.

"ಯಾರೂ ಹೇಳಿಲ್ಲ ಅಣ್ಣಾ. ನಂಗೇ ಭಯ ಆಯ್ತು," ಎಂದಳು ತಂಗಿ.

ಅವನು ಗೊಣಗುತ್ತ ಆಚೆ ಹೋದ. ತಂಗಿ ಏನೂ ಆಗದವಳಂತೆ ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ, ಎದುರಿಗೆ ಮಂಡಿಯೂರಿ, "ಕಾಲು ಕೊಡು," ಎಂದು ಅವಳ ಬಿಗಿಯಾದ ಬೂಟು ಎಳೆಯತೊಡಗಿದಳು.

"ಯಾಕೆ ಸುಳ್ಳು ಹೇಳಿದೆ ಅವನಿಗೆ?" ಎಂದಳು ಅಕ್ಕ.

"ಇನ್ನೇನ್ ಹೇಳ್ಲಿ? ನಿನ್ನೆ ಮೂರು ಸುತ್ತು ನಿನ್ನ ಹಿಂದೆನೇ ಬಂದಿದ್ದೆ ಕಣೇ. ನೀನು ಎಲ್ಲಿ ಬ್ರೇಕ್ ಹಿಡೀತೀಯ ಅಂತ ನೋಡ್ಕೊಂಡೇ ಕಲ್ತಿದ್ದು."

"ಗೊತ್ತಿದ್ದೂ ಕೇಳಿದ್ಯಾಕೆ ಮತ್ತೆ?"

"ಆ ಹಾಳೆ ನೋಡಿದಾಗಿಂದ ನೀನು ನನ್ನ ಹತ್ರ ಒಂದ್ಮಾತೂ ಆಡಿರ್ಲಿಲ್ಲ. ಏನಾದ್ರೂ ಕೇಳಿದ್ರೆ ಮಾತಾಡ್ತೀಯೇನೋ ಅಂತ."

"ಇನ್ನೂರರ ಹತ್ರ ಹಿಡಿದಿದ್ಯಾಕೆ?"

ತಂಗಿ ತಲೆ ಎತ್ತಲಿಲ್ಲ. "ನಂಗೇನು, ಒಂದಿನದ ಆಟ. ನಿಂಗೆ ಬೇಕಿತ್ತಲ್ಲ."

ಅಕ್ಕನಿಗೆ ಅಳು ಬರಬೇಕಿತ್ತು. ಬರಲಿಲ್ಲ. ಬಿಟ್ಟುಕೊಡುವುದರಲ್ಲೂ ಇವಳೇ ಮುಂದೆ ಹೋದಳಲ್ಲ ಎಂದು ಹಲ್ಲು ಕಚ್ಚಿದಳು.

ತಂಗಿ ಗಾಬರಿಯಾಗಿ ಬೂಟು ಬಿಟ್ಟಳು. "ಜೋರಾಗಿ ಎಳೆದ್ನಾ ಅಕ್ಕಾ? ನೋವಾಯ್ತಾ?"